ಕೆನ್ನೆಯ ಉಸಿರು

“ಊದಿ ಊದಿ ಊದಿ! ಇನ್ನೂ, ಇನ್ನೂ, ಇನ್ನೂ! ಬಿಡಬೇಡಿ ಮೇಡಂ, ಬಿಡಬೇಡಿ!”

ಮೂಗಿಗೆ ಕ್ಲಿಪ್ಪು ಸಿಕ್ಕಿಸಿಕೊಂಡು, ಬಾಯಲ್ಲಿ ರಟ್ಟಿನ ಕೊಳವೆ ಕಚ್ಚಿಕೊಂಡು, ಐವತ್ತೊಂದು ವರ್ಷದ ಹೆಂಗಸೊಬ್ಬಳು ಊದುತ್ತಿದ್ದಳು. ಎದುರಿಗೆ ನಿಂತ ಟೆಕ್ನಿಷಿಯನ್ ಓಟದ ಪಂದ್ಯ ನೋಡುವವಳ ಹಾಗೆ ಕೈ ಬೀಸಿ ಕೂಗುತ್ತಿದ್ದಳು. ಬಾಗಿಲ ಹೊರಗೆ ‘ನಿಶ್ಶಬ್ದವಾಗಿರಿ’ ಎಂಬ ಬೋರ್ಡು. ಆಸ್ಪತ್ರೆಯಲ್ಲಿ ಆ ಬೋರ್ಡಿಗೆ ಅಷ್ಟು ಅವಮಾನ ಮಾಡುವ ಕೋಣೆ ಇನ್ನೊಂದಿರಲಿಲ್ಲ.

“ಜೋರಾಗಿ ಊದ್ಬೇಕು ಮೇಡಂ. ನೀವು ನಿಧಾನಕ್ಕೆ ಶುರು ಮಾಡ್ತಿದೀರಿ.”

ಹೆಂಗಸು ಕೊಳವೆಯನ್ನು ಬಾಯಿಂದ ತೆಗೆದಳು. ಕ್ಲಿಪ್ಪನ್ನೂ ಕಿತ್ತಳು. “ಏನಮ್ಮಾ, ನಿನಗೆಷ್ಟು ವಯಸ್ಸು?”

“ಇಪ್ಪತ್ತಾರು.”

“ನಾನು ಊದೋಕೆ ಶುರು ಮಾಡಿ ಮೂವತ್ತನಾಲ್ಕು ವರ್ಷ ಆಯ್ತು. ನನಗೆ ಊದೋದು ಹೇಳಿಕೊಡ್ತೀಯಾ?”

ಇದು ಜಂಬದ ಮಾತಲ್ಲ, ಇದ್ದದ್ದೇ. ಅವಳ ಕೆಲಸವೇ ಊದುವುದು. ಗಾಜಿನ ಕೊಳವೆಯನ್ನು ಬೆಂಕಿಯಲ್ಲಿ ಕಾಯಿಸಿ, ತಿರುಗಿಸಿ, ಉಸಿರು ಕೊಟ್ಟು ಪ್ರಯೋಗಶಾಲೆಗಳಿಗೆ ಬೇಕಾದ ಫ್ಲಾಸ್ಕು, ಬಲ್ಬು, ಸುರುಳಿಗಳನ್ನು ಮಾಡುವವಳು. ಅಪ್ಪ ಕಟ್ಟಿದ ವರ್ಕ್‌ಶಾಪಿನಲ್ಲಿ ಅಪ್ಪನಿಂದಲೇ ಕಲಿತವಳು. ಅಲ್ಲಿ ಎಲ್ಲರೂ ಅವಳನ್ನು ಕರೆಯುವುದು ಊದಕ್ಕ ಎಂದೇ. ಹಾಗಾಗಿ ಇಪ್ಪತ್ತಾರರ ಹುಡುಗಿ ಊದುವುದನ್ನು ಹೇಳಿಕೊಡಲು ಬಂದರೆ ಮೈ ಉರಿಯದೆ ಇನ್ನೇನಾದೀತು?

ಟೆಕ್ನಿಷಿಯನ್ ಕ್ಲಿಪ್ಪನ್ನು ಮತ್ತೆ ಅವಳ ಮೂಗಿಗೆ ಸಿಕ್ಕಿಸಿದಳು. ಹೊರಗೆ ಇನ್ನೂ ಹದಿನೇಳು ಜನ ಕಾಯುತ್ತಿದ್ದರು. ಮೂರು ಸಲ ಊದಿಸಿದಳು, ಯಂತ್ರದಿಂದ ಕಾಗದ ಹೊರಬಂತು, ಅದರ ಕೆಳಗೆ ನೀಲಿ ಮೊಹರು ಧಪ್ಪೆಂದು ಬಿತ್ತು.

“ಐವತ್ತನಾಲ್ಕು,” ಎಂದರು ಶ್ವಾಸಕೋಶದ ಡಾಕ್ಟರು, ಕಾಗದದ ಮೇಲ್ಭಾಗ ನೋಡುತ್ತ.

ನಿಮ್ಮ ವಯಸ್ಸು, ಎತ್ತರದ ಆರೋಗ್ಯವಂತರು ಮೊದಲನೇ ಸೆಕೆಂಡಿನಲ್ಲಿ ನೂರು ಪಾಲು ಗಾಳಿ ಹೊರಗೆ ಹಾಕಿದರೆ ನೀವು ಐವತ್ತನಾಲ್ಕು ಪಾಲು ಹಾಕುತ್ತೀರಿ ಎಂದು ಅದರ ಅರ್ಥ. ಕಾಯಿಲೆಯಾಗಿ ಆರು ತಿಂಗಳಿಗೆ ನಲವತ್ತೆಂಟು ಇತ್ತು. ಆಮೇಲೆ ಐವತ್ತಮೂರು. ವರ್ಷಕ್ಕೆ ಐವತ್ತೈದು. ಈಗ ಒಂದೂಕಾಲು ವರ್ಷ, ಐವತ್ತನಾಲ್ಕು. ಮುಂದೆ ಹೋಗುವ ಬದಲು ಒಂದು ಹೆಜ್ಜೆ ಹಿಂದಕ್ಕೆ.

“ಆದ್ರೆ ಡಾಕ್ಟ್ರೇ, ನಾನೀಗ ಎರಡು ಮಹಡಿ ನಿಲ್ಲದೆ ಹತ್ತುತೀನಿ. ಮೊದಲು ಸ್ನಾನದ ಮನೆಗೆ ಹೋಗಿ ಬಂದ್ರೂ ಕೂತ್ಕೋಬೇಕಿತ್ತು.”

“ಗೊತ್ತು. ಬೆರಳಿಗೆ ಹಾಕಿ ನೋಡಿದ ಆಮ್ಲಜನಕಾನೂ ಚೆನ್ನಾಗಿದೆ. ಸ್ಕ್ಯಾನಲ್ಲಿ ಕಲೆನೂ ಕಮ್ಮಿ ಆಗಿದೆ. ಆದ್ರೆ ಊದೋದು ಏಳ್ತಿಲ್ಲ. ಇನ್‌ಹೇಲರ್ ಬದಲಾಯಿಸಿ ನೋಡೋಣ.”

“ಮತ್ತೆ ಪತ್ರ?”

“ಎಪ್ಪತ್ತು ಬರಲಿ, ಅವತ್ತೇ ಬರ್ಕೊಡ್ತೀನಿ.”

ಆ ಪತ್ರಕ್ಕಾಗಿಯೇ ಅವಳು ಜೀವ ಹಿಡಿದುಕೊಂಡಿದ್ದಳು. ‘ಇವರು ಬರ್ನರ್ ಮುಂದೆ ಕೂತು ಕೆಲಸ ಮಾಡಬಹುದು’ ಎಂಬ ಒಂದೇ ಸಾಲು. ಅದಿಲ್ಲದೆ, ಈಗ ವರ್ಕ್‌ಶಾಪು ನಡೆಸುವ ತಮ್ಮ ಅವಳನ್ನು ಬೆಂಕಿಯ ಹತ್ತಿರ ಬಿಡುವುದಿಲ್ಲ.

*

ತಮ್ಮನನ್ನು ಬೈಯಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ. ಬೈಯದೆ ಇರಲೂ ಆಗುತ್ತಿರಲಿಲ್ಲ. ಶ್ವಾಸಕೋಶ ಹಿಡಿದ ಆ ಜ್ವರದಲ್ಲಿ ಅವಳನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಮೂರು ಮಹಡಿ ಇಳಿಸಿದವನು ಅವನೇ. ಹತ್ತೊಂಬತ್ತು ದಿನ ಯಂತ್ರ ಅವಳ ಬದಲಿಗೆ ಉಸಿರಾಡಿತು. ‘ಆದದ್ದಕ್ಕೆ ನಾವು ಹೊಣೆಯಲ್ಲ’ ಎಂಬ ಆಸ್ಪತ್ರೆಯ ಕಾಗದಕ್ಕೆ ಸಹಿ ಹಾಕಲು ಅಕ್ಕನ ಗಂಡ ಅಳುಕಿದನೆಂದು ಪಕ್ಕದಲ್ಲಿ ತಾನೂ ಸಹಿ ಹಾಕಿದವನು. ಅಂದಿನಿಂದ ಅಕ್ಕ ಒಂದು ಸಲ ಕೆಮ್ಮಿದರೆ ಸಾಕು, ಇವನ ಮುಖ ಬಿಳಿಚಿಕೊಳ್ಳುತ್ತದೆ. ಹೆದರಿದವನ ಪ್ರೀತಿ ಎಷ್ಟು ಉಸಿರು ಕಟ್ಟಿಸುತ್ತದೆಂಬುದು ಅದನ್ನು ಅನುಭವಿಸಿದವರಿಗೇ ಗೊತ್ತು.

ವರ್ಕ್‌ಶಾಪಿನಲ್ಲಿ ದೊಡ್ಡ ಬರ್ನರ್ ಇದ್ದದ್ದು ಒಂದೇ. ಅದರ ಮುಂದಿನ ಬೆಂಚು ಅಪ್ಪನದಾಗಿತ್ತು, ಆಮೇಲೆ ಊದಕ್ಕನದಾಯಿತು. ಈಗ ಅವಳು ಕೂರುವುದು ಎದುರು ಗೋಡೆಯ ತಪಾಸಣೆ ಮೇಜಿನಲ್ಲಿ. ಬೇರೆಯವರು ಮಾಡಿದ ಫ್ಲಾಸ್ಕನ್ನು ದೀಪದ ಪೆಟ್ಟಿಗೆಯ ಮುಂದೆ ಹಿಡಿದು, ಕೂದಲೆಳೆಯ ಬಿರುಕಿದೆಯೇ, ಗೋಡೆ ಎಲ್ಲಾದರೂ ತೆಳುವಾಗಿದೆಯೇ ನೋಡುವುದು. ಸರಿಯಿದ್ದರೆ ಪೆಟ್ಟಿಗೆಗೆ. ಇಲ್ಲದಿದ್ದರೆ ಕೆಂಪು ಚೀಟಿ ಅಂಟಿಸಿ, ಮಾಡಿದವರ ಹೆಸರು ಬರೆದು ರಿಜೆಕ್ಟ್ ಕ್ರೇಟಿಗೆ. ದಿನವಿಡೀ ಪರರ ಉಸಿರಿನ ತಪ್ಪು ಹುಡುಕುವ ಕೆಲಸ.

ಬೆಂಚಿನಲ್ಲಿ ಕೂತಿದ್ದವನು ತಮ್ಮನ ಭಾಮೈದ. ಮೂವತ್ತೆಂಟು ವರ್ಷದ ಆಳು, ಹದಿನೈದು ವರ್ಷ ಈಜು ಕಲಿಸಿದವನು. ಈಜುಕೊಳ ಮುಚ್ಚಿದ ಮೇಲೆ ಬಾವನ ಹತ್ತಿರ ಕೆಲಸಕ್ಕೆ ಬಂದ. ಎದೆಯೆಂದರೆ ಎದೆ, ಅಂಗಿಯ ಎರಡನೇ ಗುಂಡಿ ಯಾವತ್ತೂ ಕೂರುತ್ತಿರಲಿಲ್ಲ. ಕಮ್ಮಾರರ ಒಲೆಗೆ ಗಾಳಿ ಹಾಕುವ ತಿದಿಯ ಹಾಗೆ ಊದುತ್ತಾನೆಂದು ಊದಕ್ಕನೇ ಅವನಿಗೆ ತಿದಿ ಎಂದು ಹೆಸರಿಟ್ಟಳು. ಅವನು ಅದನ್ನು ಹೊಗಳಿಕೆ ಎಂದೇ ತಿಳಿದುಕೊಂಡ.

ಪಟ್!

ಇದು ತಿದಿಯ ಕೈಯಲ್ಲಿ ಫ್ಲಾಸ್ಕು ಒಡೆದ ಸದ್ದು. ಕಾದ ಗಾಜಿನ ಗುಂಡು ಕಿತ್ತಳೆ ಹಣ್ಣಿನಷ್ಟಾಗುವ ಬದಲು ಕ್ಷಣದಲ್ಲಿ ಕುಂಬಳಕಾಯಿಯಷ್ಟಾಗಿ, ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ, ಗಾಳಿಯಲ್ಲಿ ಚೂರುಚೂರಾಗಿ ತೇಲಿ ಕೆಳಗಿಳಿಯುತ್ತಿತ್ತು. ದಿನಕ್ಕೆ ಹತ್ತು ಹನ್ನೆರಡು ಸಲ. ಅವನ ಎದೆಯಲ್ಲಿ ನೂರಕ್ಕೆ ನೂರಹತ್ತು, ಒಂದು ಫ್ಲಾಸ್ಕೂ ನೆಟ್ಟಗಿಲ್ಲ. ಇವಳಲ್ಲಿ ಫ್ಲಾಸ್ಕೆಲ್ಲ ಇದೆ, ಎದೆಯಲ್ಲಿ ಐವತ್ತನಾಲ್ಕು. ಹಂಚಿದವನು ಯಾರೋ, ಅವನ ಕೈಗಿಷ್ಟು ಬುದ್ಧಿ ಬೇಡವೇ ಎಂದು ಅವಳು ದಿನಕ್ಕೆರಡು ಸಲವಾದರೂ ಅಂದುಕೊಳ್ಳುತ್ತಿದ್ದಳು.

“ಅಕ್ಕಾ, ನಾನು ಎಲ್ಲಿ ತಪ್ತಾ ಇದೀನಿ?” ಎಂದು ಅವನು ಎಷ್ಟೋ ಸಲ ಕೇಳಿದ್ದ.

“ನೋಡ್ತಾ ಇರು, ಬರುತ್ತೆ,” ಎಂದು ಅವಳು ಅಷ್ಟೇ ಸಲ ಹೇಳಿದ್ದಳು. ಬರುವುದಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೇಳಿಕೊಟ್ಟರೆ ಹದಿನೈದು ದಿನದಲ್ಲಿ ಕಲಿತುಬಿಡುತ್ತಾನೆ. ಕಲಿತರೆ ಬೆಂಚು ಹೋಯಿತು. ಇದು ಸಣ್ಣತನ ಎಂಬುದೂ ಅವಳಿಗೆ ಗೊತ್ತಿತ್ತು. ಬೆಂಚು ದೊಡ್ಡದಾಗಿತ್ತು, ಅದಕ್ಕೆ ಸಣ್ಣತನ ಮಾಡಿದಳು.

ಐವತ್ತನಾಲ್ಕೆಂದ ಆ ನಾಲ್ಕನೇ ಪರೀಕ್ಷೆಯ ಕಾಗದವನ್ನು ತಮ್ಮ ಓದಿ ಅಕ್ಕನ ಕೈಗೆ ವಾಪಸು ಕೊಟ್ಟ. ಆಮೇಲೆ ಹೇಳಿದ: “ಇನ್ನೊಂದು ಪರೀಕ್ಷೆ ನೋಡೋಣ ಅಕ್ಕಾ. ಅದರಲ್ಲೂ ಎಪ್ಪತ್ತು ಬರ್ಲಿಲ್ಲ ಅಂದ್ರೆ ಬೆಂಚು ಅವನಿಗೇ ಬಿಟ್ಟುಬಿಡೋಣ. ಅರ್ಧ ಕೆಲಸ ಹೊರಗೆ ಕೊಡ್ತಾ ಇದೀನಿ. ಹೀಗೇ ಎಷ್ಟು ದಿನ?”

“ಅವನಿಗೆ? ಅವನು ಊದಿದ್ರೆ ಗಾಜಲ್ಲ, ಗೋಡೆ ಬೀಳುತ್ತೆ.”

“ಕಲೀತಾನೆ.”

“ನಾನು ಬರ್ತೀನಿ ಕಣೋ. ಮೂರು ತಿಂಗಳು ಕೊಡು.”

*

ಆ ಮೂರು ತಿಂಗಳು ಊದಕ್ಕ ಮಾಡಿದ ಸಾಧನೆಯನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅಷ್ಟು ಶ್ರದ್ಧೆಯಿಂದ ಅಷ್ಟು ತಪ್ಪು ಕೆಲಸ ಮಾಡಿದವರು ಕಡಿಮೆ.

ಬೆಳಿಗ್ಗೆ ಎದ್ದವಳೇ ಮೆಟ್ಟಿಲು. ಮೊದಲ ವಾರ ಎರಡು ಮಹಡಿ, ತಿಂಗಳ ಕೊನೆಗೆ ಮೂರು. ಪ್ರತಿ ಮಹಡಿಯಲ್ಲೂ ಒಂದೊಂದು ಮನೆಯ ನಾಯಿ ಬೊಗಳುತ್ತಿತ್ತು. ಕೊನೆಗೆ ಅವಕ್ಕೂ ಬೇಜಾರಾಗಿ ಸುಮ್ಮನಾದವು. ಮಧ್ಯಾಹ್ನದ ಹೊತ್ತಿಗೆ ಮಾತ್ರ ಮೈಯಲ್ಲಿ ಯಾರೋ ಸ್ವಿಚ್ಚು ಆರಿಸಿದ ಹಾಗೆ ಸುಸ್ತು. ಅದೊಂದು ಯಾವ ಮೆಟ್ಟಿಲಿಗೂ ಬಗ್ಗಲಿಲ್ಲ.

ಸಂಜೆ ಊದುವ ಅಭ್ಯಾಸ. ಗಂಡ ಗಡಿಯಾರ ರಿಪೇರಿ ಮಾಡುವವನು. ಮನೆಯಲ್ಲಿ ಸಮಯಕ್ಕೆ ಬರವಿರಲಿಲ್ಲ. ಊಟದ ಮೇಜಿನ ಮೇಲೆ ಮೇಣದಬತ್ತಿ ಹಚ್ಚಿಟ್ಟು, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಕೂರುತ್ತಿದ್ದ. ಅವಳು ಒಂದಡಿ ದೂರದಿಂದ ಜ್ವಾಲೆಯ ಮೇಲೆ ಊದಬೇಕು. ಜ್ವಾಲೆ ಮಲಗಬೇಕು, ಆರಬಾರದು. ಅವಳ ಹದಿನೇಳನೇ ವಯಸ್ಸಿನಲ್ಲಿ ಅಪ್ಪ ಕಲಿಸಿದ್ದು ಹೀಗೆಯೇ. “ಕೆನ್ನೆಯಿಂದ ಊದು, ಎದೆಯಿಂದಲ್ಲ. ಎದೆ ನಿನಗಿರಲಿ, ಗಾಜಿಗೆ ಕೆನ್ನೆ ಸಾಕು,” ಎನ್ನುತ್ತಿದ್ದರು ಅಪ್ಪ. ಜ್ವಾಲೆ ಆರಿದರೆ ಮೊದಲಿಂದ.

“ಹತ್ತೊಂಬತ್ತು ಸೆಕೆಂಡು,” ಎಂದ ಗಂಡ ಮೊದಲ ದಿನ.

ಮೂರನೇ ತಿಂಗಳಿಗೆ ನಲವತ್ತೊಂದು. ಜ್ವಾಲೆ ನಲವತ್ತೊಂದು ಸೆಕೆಂಡು ಹೊರಳದೆ, ನಡುಗದೆ ಮಲಗಿತ್ತು. ಗಂಡನ ಕಣ್ಣಲ್ಲಿ ನೀರು. “ಏನೇ ಇದು! ನನಗೇ ಇಪ್ಪತ್ತೈದು ದಾಟಲ್ಲ.”

“ನೋಡ್ತಿರಿ, ಆ ಹುಡುಗಿ ಬಾಯಿ ಮುಚ್ಚಿಸ್ತೀನಿ,” ಎಂದಳು ಊದಕ್ಕ.

ಐದನೇ ಪರೀಕ್ಷೆಯ ದಿನ ಅವಳು ಮದುಮಗಳ ಹಾಗೆ ಸಿದ್ಧವಾಗಿ ಹೋದಳು. ಅದೇ ಕೋಣೆ, ಅದೇ ಕೂಗು. ಎದೆ ತುಂಬ ಉಸಿರು ತೆಗೆದುಕೊಂಡಳು, ತುಟಿ ಬಿಗಿದಳು, ಮೂವತ್ತನಾಲ್ಕು ವರ್ಷದ ವಿದ್ಯೆಯನ್ನೆಲ್ಲ ಹಾಕಿ ಊದಿದಳು. ದಾರದ ಹಾಗೆ, ಸಮನಾಗಿ, ಎಲ್ಲೂ ಕಡಿಯದೆ, ಮುಗಿಯದೆ. ಟೆಕ್ನಿಷಿಯನ್ ಕೂಗಿ ಕೂಗಿ ಸುಸ್ತಾದಳು, ಇವಳ ಉಸಿರು ಮುಗಿಯಲಿಲ್ಲ.

ಐವತ್ತೊಂದು.

“ತಪ್ಪು,” ಎಂದಳು ಊದಕ್ಕ. “ನಿಮ್ಮ ಯಂತ್ರ ಕೆಟ್ಟಿದೆ.”

ಡಾಕ್ಟರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಕೆಟ್ಟವರಲ್ಲ, ದಣಿದವರು. “ನೋಡಿ ಅಮ್ಮಾ, ಇಷ್ಟು ಜೋರಾಗಿ ಬಂದು ಹೋದ ಕಾಯಿಲೆ. ಕೆಲವರಿಗೆ ವರ್ಷದಲ್ಲಿ ಪೂರ್ತಿ ಸರಿಹೋಗುತ್ತೆ, ಕೆಲವರಿಗೆ ಮೂರು ವರ್ಷ ಹಿಡಿಯುತ್ತೆ. ಕೆಲವರು ಒಂದು ಕಡೆ ಬಂದು ನಿಂತುಬಿಡ್ತಾರೆ. ನಿಮ್ಮದು ಹಾಗಾಗಿದೆಯೇನೋ. ಇರೋದರಲ್ಲೇ ಬದುಕೋದು ಕಲೀಬೇಕು.”

“ಮೂರು ಮಹಡಿ ಹತ್ತುತೀನಿ ನಾನು!”

“ಹತ್ತಿ, ಬೇಡ ಅನ್ನಲ್ಲ. ಪತ್ರ ಮಾತ್ರ ಕೊಡೋಕಾಗಲ್ಲ.”

ಹೊರಗೆ ಬಂದವಳು ಔಷಧಿ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತು ಗಟ್ಟಿಯಾಗಿ ಅತ್ತಳು. ಹತ್ತೊಂಬತ್ತು ದಿನ ಯಂತ್ರದಡಿ ಮಲಗಿ ಎದ್ದಾಗಲೂ ಹೀಗೆ ಅತ್ತಿರಲಿಲ್ಲ. ಆಗ ಬದುಕಿದ್ದೇ ಸಾಕಾಗಿತ್ತು. ಈಗ ಸಾಕಾಗುತ್ತಿರಲಿಲ್ಲ, ಅದು ಅವಳ ಸಿಟ್ಟು. ಗಂಡ ಕಾಗದವನ್ನು ನೀಟಾಗಿ ಮಡಿಸಿ, ಹಿಂದಿನ ನಾಲ್ಕರ ಮೇಲಿಟ್ಟು, ಪ್ಲಾಸ್ಟಿಕ್ ಫೈಲಿನ ಗುಂಡಿ ಹಾಕಿದ.

*

ಮಾರನೇ ದಿನ ಬೆಂಚಿನ ಖಾನೆ ಖಾಲಿ ಮಾಡಲು ಹೋದಳು. ಅಪ್ಪನ ಇಕ್ಕಳ, ಕನ್ನಡಕ, ಊದುವ ರಬ್ಬರ್ ನಳಿಗೆ, ಒಂದು ಹಳೇ ಬಾಚಣಿಗೆ. ತಮ್ಮ ಆಫೀಸಿನ ಗಾಜಿನ ಹಿಂದೆ ಕೂತು, ಇಲ್ಲದ ಕಾಗದ ಓದುತ್ತಿದ್ದ. ತಿದಿ ಎದ್ದು ಜಾಗ ಬಿಟ್ಟುಕೊಟ್ಟ.

“ಕೂತ್ಕೋ, ಕೂತ್ಕೋ. ಇನ್ನು ನಿಂದೇ ತಾನೆ. ಕೆಲಸ ನಿಲ್ಲಿಸ್ಬೇಡ,” ಎಂದಳು.

ಅವನು ಕೂತ. ಕೊಳವೆ ಕಾಯಿಸಿದ, ತಿರುಗಿಸಿದ. ಗಾಜು ಕೆಂಪಾಗಿ, ಕಿತ್ತಳೆಯಾಗಿ ಮೆತ್ತಗಾಯಿತು. ಬೆಂಕಿಯಿಂದ ಹೊರಗೆಳೆದ. ಎದೆ ತುಂಬ ಉಸಿರು ತೆಗೆದುಕೊಂಡ.

ಪಟ್!

ಒಂದೂವರೆ ವರ್ಷದ ಕೋಪವೆಲ್ಲ ಒಂದೇ ಸಲ ನೆತ್ತಿಗೇರಿತು. “ಅಯ್ಯೋ ದಡ್ಡ! ಎಷ್ಟು ಒಡೀತೀಯೋ! ಒಂದೇ ಸಲಕ್ಕೆ ಎಲ್ಲಾ ಹೊರಗೆ ಕಕ್ಕಿಬಿಡೋದಾ? ಮೊದಲ ಸೆಕೆಂಡಲ್ಲೇ ಎದೆಯೆಲ್ಲ ಖಾಲಿ ಮಾಡಿದ್ರೆ ಗಾಜು ಒಡೀದೆ ಏನು ಮಾಡುತ್ತೆ? ಮೊದಲ ಸೆಕೆಂಡಲ್ಲಿ ಏನೂ ಕೊಡಬಾರದು ಕಣೋ, ಏನೂ…”

ಹೇಳುತ್ತಿದ್ದದ್ದು ಅವಳ ಕಿವಿಗೇ ಬಿತ್ತು.

ಮೊದಲ ಸೆಕೆಂಡಲ್ಲಿ ಏನೂ ಕೊಡಬಾರದು. ಡಾಕ್ಟರು ಐದು ಸಲವೂ ಓದಿ ಹೇಳಿದ ಸಂಖ್ಯೆ ಯಾವುದರದ್ದು? ಮೊದಲನೇ ಸೆಕೆಂಡಿನದ್ದು. ಆ ಹುಡುಗಿ ಗಂಟಲು ಹರಿದುಕೊಂಡು ಕೇಳಿದ್ದು ಏನು? ಕಕ್ಕಿಬಿಡಿ ಎಂದು. ಇವಳು ಕೊಟ್ಟದ್ದು ಏನು? ನಲವತ್ತೊಂದು ಸೆಕೆಂಡಿನ ದಾರ. ಮೂರು ತಿಂಗಳು ಮೇಣದಬತ್ತಿ ಹಚ್ಚಿ, ಗಂಡನ ಸ್ಟಾಪ್‌ವಾಚಿನ ಸಾಕ್ಷಿಯಲ್ಲಿ, ಐವತ್ತನಾಲ್ಕನ್ನು ಐವತ್ತೊಂದಕ್ಕೆ ಇಳಿಸಿದ್ದಳು.

ಬೆಂಚಿನ ಅಂಚಿಗೆ ಒರಗಿದಳು. ತಿದಿ ಹೆದರಿ ನೀರಿನ ಬಾಟಲಿ ಹುಡುಕಿದ. “ಅಕ್ಕಾ, ಬಾವನ್ನ ಕರೀಲಾ?”

“ಬೇಡ. ನೀನು ಹೇಗೆ ಊದ್ತೀಯ?”

“ಗೊತ್ತಲ್ಲಕ್ಕಾ, ತಪ್ಪಾಗಿ.”

“ಆ ತಪ್ಪೇ ಬೇಕು ನನಗೆ. ಹೇಳಿಕೊಡು.”

*

ವರ್ಕ್‌ಶಾಪಿನ ಹಿಂದಿನ ಅಂಗಳದಲ್ಲಿ, ಖಾಲಿ ಕ್ರೇಟುಗಳ ನಡುವೆ ಪಾಠ ಶುರುವಾಯಿತು. ತಿದಿ ಈಜು ಕಲಿಸುವಾಗಿನ ಗತ್ತಿಗೆ ಬಂದುಬಿಟ್ಟ. “ನೀರೊಳಗಿಂದ ತಲೆ ಎತ್ತಿದ ಕ್ಷಣ ಅಂದ್ಕೊಳ್ಳಿ. ಒಳಗಿರೋದೆಲ್ಲ ಹೊರಗೆ ಹೋಗ್ಬೇಕು, ಆಗ್ಲೇ ಹೊಸದು ಒಳಗೆ ಬರೋದು. ಹಾ!”

“ಹೂ…” ಎಂದಿತು ಊದಕ್ಕನ ಬಾಯಿ.

“ಹೂ ಅಲ್ಲಕ್ಕಾ. ಹಾ! ನಿಮ್ಮ ಕೆನ್ನೆ ತುಂಬ್ತಾ ಇದೆ, ಅಲ್ಲೇ ನಿಂತೋಗುತ್ತೆ.”

ಕೆನ್ನೆ ತುಂಬುತ್ತಿತ್ತು ನಿಜ. ಅದು ಅವಳು ಹೇಳಿದ್ದನ್ನು ಕೇಳುತ್ತಲೇ ಇರಲಿಲ್ಲ. ಎದೆಯಿಂದ ಗಾಳಿ ಎದ್ದರೆ ಗಂಟಲು ತಾನಾಗಿ ಕಿರಿದಾಗುವುದು, ಕೆನ್ನೆ ಬಾಗಿಲಿಗೆ ಅಡ್ಡ ನಿಂತು ತೂಗಿ ತೂಗಿ ಬಿಡುವುದು. ಅಪ್ಪ ಸತ್ತು ಹನ್ನೆರಡು ವರ್ಷವಾದರೂ ಅವಳ ಬಾಯೊಳಗೆ ಕಾವಲು ಬಿಟ್ಟಿರಲಿಲ್ಲ. ಮೊದಲ ದಿನ ಹನ್ನೆರಡು ಸಲ ಮಾಡಿ ತಲೆ ಸುತ್ತಿ ಕ್ರೇಟಿನ ಮೇಲೆ ಕೂತಳು. ಎರಡನೇ ದಿನ ಕೆಮ್ಮು ಬಂದು ಕಣ್ಣಲ್ಲಿ ನೀರು ಸುರಿಯಿತು. ಮೂರನೇ ದಿನ ಅವನು ಅವಳ ಎರಡೂ ಕೆನ್ನೆಗಳನ್ನು ಅವಳ ಕೈಯಿಂದಲೇ ಅದುಮಿ ಹಿಡಿಸಿದ.

“ಹೀಗೆ ಹಿಡ್ಕೊಂಡು, ಯಾರ ಮೇಲಾದ್ರೂ ತುಂಬಾ ಸಿಟ್ಟಿದ್ರೆ ಅವ್ರನ್ನ ನೆನೆಸ್ಕೊಂಡು ಬಿಡಿ.”

“ನಿನ್ನ ಮೇಲೇ ಇದೆ.”

“ಸರಿ, ನನ್ನೇ ನೆನೆಸ್ಕೊಳ್ಳಿ.”

“ಹಾ!” ಎಂದಳು. ಎದುರಿನ ಕ್ರೇಟಿನ ಮೇಲಿದ್ದ ಧೂಳು ಎದ್ದಿತು. ಇಬ್ಬರೂ ಆ ಧೂಳನ್ನೇ ನೋಡಿದರು.

ಆಗ ಅವಳಿಗೆ ನಾಚಿಕೆಯಾಯಿತು. ಒಂದು ವರ್ಷದಿಂದ ಇವನು ಕೇಳುತ್ತಿದ್ದ, ಇವಳು ‘ನೋಡ್ತಾ ಇರು’ ಎನ್ನುತ್ತಿದ್ದಳು. ಇವಳು ಕೇಳಿದ್ದು ಒಂದೇ ಸಲ, ಅವನು ಹಿಂದೆಮುಂದೆ ನೋಡದೆ ಎದ್ದು ಬಂದಿದ್ದ. ಅವಳಿಗೆ ಪತ್ರ ಸಿಕ್ಕರೆ ಬೆಂಚು ಹೋಗುವುದು ಅವನದೇ ಎಂಬುದು ಅವನಿಗೆ ತಿಳಿಯದ ವಿಷಯವೇನಲ್ಲ.

“ಒಳಗೆ ಬಾ,” ಎಂದಳು. “ಮೇಣದಬತ್ತಿ ಇದೆಯಾ ಎಲ್ಲಾದ್ರೂ?”

ಆ ದಿನ ಅವನಿಗೆ ಎಲ್ಲ ಹೇಳಿಕೊಟ್ಟಳು. ಕೆನ್ನೆಯಲ್ಲಿ ಗಾಳಿ ನಿಲ್ಲಿಸುವುದು, ಮೂಗಿನಲ್ಲಿ ಉಸಿರಾಡುತ್ತಲೇ ಕೆನ್ನೆಯಿಂದ ಕೊಡುವುದು, ಗಾಜು ಅಂಚಿನಲ್ಲಿ ಮಬ್ಬಾದಾಗ ನಿಲ್ಲಿಸುವುದು. ಎಪ್ಪತ್ತು ಬರದಿದ್ದರೆ ತಾನು ಇದ್ದಬದ್ದದ್ದನ್ನೂ ಕೊಟ್ಟು ಕೈ ತೊಳೆದುಕೊಂಡಂತೆ. ಆದರೂ ಹೇಳಿಕೊಟ್ಟಳು. ಐದನೇ ದಿನ ಅವನ ಫ್ಲಾಸ್ಕೊಂದು ತಪಾಸಣೆ ಮೇಜಿಗೆ ಬಂತು. ದೀಪದ ಮುಂದೆ ಹಿಡಿದು ಹಿಂದೆಮುಂದೆ ತಿರುಗಿಸಿ ನೋಡಿದಳು. ಬೇಕೆಂದರೂ ತಪ್ಪು ಸಿಗಲಿಲ್ಲ. ಪೆಟ್ಟಿಗೆಗೆ ಇಟ್ಟಳು.

*

“ಪರೀಕ್ಷೆ ಮೂರು ತಿಂಗಳಿಗೊಂದ್ಸಲ ಮೇಡಂ. ನಿಮ್ಮದು ಆಗಿ ಹದಿನೈದು ದಿನ ಆಯ್ತಷ್ಟೆ,” ಎಂದಳು ಟೆಕ್ನಿಷಿಯನ್. ಹಿಂದೊಮ್ಮೆ ಬೈಸಿಕೊಂಡದ್ದನ್ನು ಮರೆತಿರಲಿಲ್ಲ.

“ನನ್ನ ತಪ್ಪಾಯ್ತಮ್ಮಾ. ನೀನು ಹೇಳಿದ್ದೇ ಸರಿ, ನಾನೇ ಊದ್ಲಿಲ್ಲ. ಒಂದ್ಸಲ ಊದಿಸು.”

ಆ ಹುಡುಗಿಗೆ ‘ತಪ್ಪಾಯಿತು’ ಎಂಬ ಮಾತು ಆ ಕೋಣೆಯಲ್ಲಿ ಕೇಳಿಬಂದದ್ದು ಮೊದಲ ಸಲವಿರಬೇಕು. ಡಾಕ್ಟರನ್ನು ಕೇಳಿ ಬಂದು ಹೊಸ ಕೊಳವೆ ಸಿಕ್ಕಿಸಿದಳು.

“ಊದಿ!”

ಊದಕ್ಕ ಬಾಯಿಯ ಹೊಸಿಲಲ್ಲಿ ಕಾವಲು ನಿಂತ ಅಪ್ಪನನ್ನು ಪಕ್ಕಕ್ಕೆ ಸರಿಸಿದಳು. ತಪಾಸಣೆ ಮೇಜು, ಕೆಂಪು ಚೀಟಿ, ನಲವತ್ತೊಂದು ಸೆಕೆಂಡು, ಎಲ್ಲದರ ಮೇಲಿನ ಸಿಟ್ಟನ್ನೂ ಒಂದೇ ಸಲಕ್ಕೆ ಕಕ್ಕಿದಳು. ಪರದೆಯ ಮೇಲೆ ಗೆರೆ ನೆಟ್ಟಗೆ ಮೇಲೆದ್ದಿತು. ಟೆಕ್ನಿಷಿಯನ್ ಕೂಗುವುದನ್ನೇ ಮರೆತಳು.

ಎಪ್ಪತ್ತಮೂರು.

ಡಾಕ್ಟರು ಮೊದಲ ಸಲ ಕಾಗದವನ್ನು ಪೂರ್ತಿ ಓದಿದರು. ಆಮೇಲೆ ಹಳೆಯವನ್ನು ಕೇಳಿದರು. ಗಂಡ ಫೈಲು ಬಿಚ್ಚಿ ಐದನ್ನೂ ಸಾಲಾಗಿ ಇಟ್ಟ. ಡಾಕ್ಟರು ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದರು, ಇನ್ನೊಂದನ್ನು ಹಿಡಿದರು. ಮುಖ ಸಣ್ಣದಾಯಿತು.

“ಏನದು?” ಎಂದಳು ಊದಕ್ಕ.

ಅವರು ಕಾಗದವನ್ನು ಅವಳ ಕಡೆ ತಿರುಗಿಸಿದರು. ತೀರಾ ಕೆಳಗೆ, ಇರುವೆಯಷ್ಟು ಅಕ್ಷರದಲ್ಲಿ ಒಂದು ಸಾಲು: ‘ಊದಿದ ರೀತಿ ಸರಿಯಿಲ್ಲ, ಫಲಿತಾಂಶ ನಂಬುವಂತಿಲ್ಲ, ಮತ್ತೆ ಪರೀಕ್ಷಿಸಿ.’ ಐದು ಕಾಗದಗಳಲ್ಲೂ ಇತ್ತು. ಐದರಲ್ಲೂ ಅದರ ಮೇಲೆಯೇ ನೀಲಿ ಮೊಹರು ಬಿದ್ದಿತ್ತು. ಮೊಹರಿನಲ್ಲಿದ್ದ ಮಾತು ‘ಪರಿಶೀಲಿಸಲಾಗಿದೆ’.

ಕೂದಲೆಳೆಯ ಬಿರುಕು ಹುಡುಕುತ್ತ ಒಂದು ವರ್ಷ ಕಳೆದವಳು ತನ್ನದೇ ಕಾಗದದ ಕೊನೆಯ ಸಾಲನ್ನು ಒಂದು ಸಲವೂ ಬೆಳಕಿಗೆ ಹಿಡಿದಿರಲಿಲ್ಲ.

“ಹಾಗಾದ್ರೆ ಇದು ಹದಿನೈದು ದಿನದಲ್ಲಿ ಬಂದಿದ್ದಲ್ಲ?”

“ಅಲ್ಲ. ಹದಿನೈದು ದಿನದಲ್ಲಿ ಯಾರ ಶ್ವಾಸಕೋಶಾನೂ ಇಷ್ಟು ಏಳಲ್ಲ. ವರ್ಷದ ಸ್ಕ್ಯಾನ್ ನೋಡಿದ್ರೆ, ಆರೇಳು ತಿಂಗಳ ಹಿಂದೇನೇ ಎಪ್ಪತ್ತರ ಹತ್ತಿರ ಇದ್ದಿರಬಹುದು. ನಾನು ನೋಡಬೇಕಿತ್ತು.”

“ಆರೇಳು ತಿಂಗಳು,” ಎಂದಳು. “ನಾನು ಸರಿಯಾಗಿದ್ದೆ. ಸರಿಯಾಗಿದ್ದುಕೊಂಡೇ ಆ ತಪಾಸಣೆ ಮೇಜಲ್ಲಿ ಕೂತಿದ್ದೆ.”

ಕಳೆದುಹೋದದ್ದಕ್ಕೆ ಯಾವ ಡಾಕ್ಟರೂ ಪತ್ರ ಬರೆದುಕೊಡುವುದಿಲ್ಲ. ಅವರು ಇನ್ನೊಂದು ಪತ್ರ ಬರೆದರು: ದಿನಕ್ಕೆ ನಾಲ್ಕು ಗಂಟೆ, ಕಿಟಕಿ ತೆರೆದಿರಬೇಕು, ಆರು ತಿಂಗಳಿಗೆ ಮತ್ತೆ ಪರೀಕ್ಷೆ. ಎಪ್ಪತ್ತಮೂರು ನೂರಲ್ಲ, ಮಧ್ಯಾಹ್ನದ ಸುಸ್ತು ಇನ್ನೂ ಬಹಳ ದಿನ ಇರಬಹುದು, ಹೋಗದೆಯೂ ಇರಬಹುದು ಎಂದರು. ಅವಳು ಎರಡೂ ಕೈಯಲ್ಲಿ ಪತ್ರ ತೆಗೆದುಕೊಂಡಳು. ಖುಷಿಪಡಬೇಕೋ ಮೇಜು ಮಗುಚಬೇಕೋ ತಿಳಿಯದೆ ಅಲ್ಲೇ ನಿಂತಳು. ಗಂಡ ಮೊಣಕೈ ಹಿಡಿದು ಹೊರಗೆ ಕರೆತಂದ.

*

ಸೋಮವಾರ ಬೆಳಿಗ್ಗೆ ತಮ್ಮ ಎರಡೂ ಕಿಟಕಿ ತೆರೆದಿಟ್ಟು, ಪತ್ರವನ್ನು ನಾಲ್ಕನೇ ಸಲ ಓದಿ, ಬೆಂಚಿನ ಮುಂದಿನ ಕುರ್ಚಿಯನ್ನು ತಾನೇ ಒರೆಸಿದ. ಬೆಳಿಗ್ಗೆ ನಾಲ್ಕು ಗಂಟೆ ಹೊತ್ತು ಬೆಂಚು ಅಕ್ಕನದು, ಮಧ್ಯಾಹ್ನ ತಿದಿಯದು ಎಂದು ತೀರ್ಮಾನವಾಗಿತ್ತು. “ಸುಸ್ತಾದ್ರೆ ತಕ್ಷಣ ಹೇಳ್ಬೇಕು ಅಕ್ಕಾ,” ಎಂದು ಆಫೀಸಿಗೆ ಹೋದ. ಗಾಜಿನ ಹಿಂದಿನಿಂದ ನೋಡುತ್ತಿದ್ದ. ಅಂದು ತಿದಿ ತಪಾಸಣೆ ಮೇಜಿನಲ್ಲಿ ಕೂತಿದ್ದ.

ಊದಕ್ಕ ಅಪ್ಪನ ಇಕ್ಕಳವನ್ನು ಬಲಕ್ಕಿಟ್ಟಳು. ಬರ್ನರ್ ಹಚ್ಚಿದಳು. ಬೆಂಕಿಯ ಸದ್ದು ಕೇಳಿ ಕಣ್ಣು ತುಂಬಿತು, ಕನ್ನಡಕ ಹಾಕಿಕೊಂಡಳು. ಕೈಗಳು ಏನನ್ನೂ ಮರೆತಿರಲಿಲ್ಲ. ಕೊಳವೆ ಎರಡೂ ಕೈಯಲ್ಲಿ ಸಮನಾಗಿ ತಿರುಗಿತು, ಗಾಜು ಕೆಂಪಾಯಿತು, ಕಿತ್ತಳೆಯಾಯಿತು, ಜೇನಿನ ಹಾಗೆ ಮೆತ್ತಗಾಯಿತು. ಬೆಂಕಿಯಿಂದ ಹೊರಗೆಳೆದು, ನಳಿಗೆಯನ್ನು ತುಟಿಗಿಟ್ಟು, ಉಸಿರು ತೆಗೆದುಕೊಂಡಳು.

ಪಟ್!

ಈರುಳ್ಳಿ ಸಿಪ್ಪೆಯಂಥ ಚೂರುಗಳು ಬೆಳಕಿನಲ್ಲಿ ಮಿನುಗುತ್ತ ನಿಧಾನವಾಗಿ ಇಳಿದವು. ಒಂದು ಅವಳ ತೋಳಿನ ಮೇಲೆ ಕೂತಿತು.

ವರ್ಕ್‌ಶಾಪಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮೂವತ್ತು ವರ್ಷದಲ್ಲಿ ಊದಕ್ಕನ ಕೈಯಿಂದ ಆ ಸದ್ದನ್ನು ಯಾರೂ ಕೇಳಿರಲಿಲ್ಲ. ತಮ್ಮ ಆಫೀಸಿನ ಬಾಗಿಲು ತೆಗೆದು ಓಡಿಬಂದ. “ಏನಾಯ್ತು? ಯಾರದು ಒಡೆದಿದ್ದು?”

ತಿದಿ ಎದ್ದು ನಿಂತ. ಅವನ ಮುಖ ಅವಳದಕ್ಕಿಂತ ಹೆಚ್ಚು ಕೆಂಪಾಗಿತ್ತು. “ನಂದು ಬಾವ. ಇಲ್ಲಿ ಕೈ ತಗುಲಿ ಒಂದು ಬಿತ್ತು.”

ತಮ್ಮ ಅವನನ್ನು ನೋಡಿದ, ಅಕ್ಕನನ್ನು ನೋಡಿದ. ನಂಬಲು ಸಿದ್ಧನಾಗಿಯೇ ನಿಂತಿದ್ದ.

“ಏಯ್, ಸುಳ್ಳು ಬೊಗಳ್ಬೇಡ!” ಎಂದಳು ಊದಕ್ಕ. ಅವಳ ಕೂಗು ಗೋಡೆಗೆ ಬಡಿದು ವಾಪಸು ಬಂತು. ಅಷ್ಟು ಜೋರು ದನಿ ತನ್ನಲ್ಲಿದೆಯೆಂಬುದನ್ನು ಅವಳೇ ಮರೆತಿದ್ದಳು. “ಅದು ನಂದು. ನನ್ನ ಎದೆಯಿಂದ ಬಂದಿದ್ದು. ಆರು ತಿಂಗಳಿಂದ ಒಳಗೇ ಇತ್ತು, ಯಾರೂ ನೋಡ್ಲಿಲ್ಲ. ಕೆಂಪು ಚೀಟಿ ತಗೊಂಡು ನನ್ನ ಹೆಸರು ಬರಿ.”

ತಿದಿ ಚೀಟಿ ತೆಗೆದುಕೊಂಡ. ಬರೆಯುವ ಮೊದಲು, ತಲೆ ಎತ್ತದೆ, ಮೆಲ್ಲಗೆ ಹೇಳಿದ: “ಕೆನ್ನೆಯಿಂದ ಅಕ್ಕಾ. ಎದೆಯಿಂದಲ್ಲ.”

“ಗೊತ್ತು, ಗೊತ್ತು,” ಎಂದು ರೇಗಿ, ಅವಳು ಇನ್ನೊಂದು ಕೊಳವೆ ಎತ್ತಿಕೊಂಡಳು.